ಗದ್ದೆಯಲ್ಲಿ ಹಾಡಿದ್ದನ್ನು ಮನೆಯಲ್ಲಿ ಕೇಳುವಂತಿಲ್ಲ

ಡಾಕ್ಟರ್ ಮಾಮ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೊರಟವನು ಅಲ್ಲೇ ತಡೆದೆ. ಕ್ಷೇಮವೋ ಅಲ್ಲವೋ ಎಂದು ನಿಮ್ಮನ್ನೇ ವಿಚಾರಿಸಬೇಕಾಗಿದೆ. ನೀವು ನನ್ನ ತಾಯಿಗೆ ಅಣ್ಣನೂ ಅಲ್ಲ, ತಮ್ಮನೂ ಅಲ್ಲ. ಹೊನ್ನಾವರದ ಬಂದರಿನಿಂದ ಬಸ್ ಸ್ಟ್ಯಾಂಡಿನವರೆಗೆ ಎಲ್ಲರಿಗೂ ಮಾಮ, ಹಾಗೆ ನನಗೂ. ನೀವು ಹೋದ ಮೇಲೆ ಇದು ಎರಡನೆಯ ಮಳೆಗಾಲ, ಅದೂ ಮುಗಿಯಿತು. ಹೋದವರಿಗೆ ಕಾಗದ ಬರೆಯುವವನನ್ನು ನೀವು ಯಾವ ಬೆಂಚಿನ ಮೇಲೆ ಕೂರಿಸುತ್ತಿದ್ದಿರಿ ಎಂದು ನನಗೆ ಗೊತ್ತು. ಅದರ ಮೇಲೇ ಕೂತಿದ್ದೇನೆ. ನಿಮ್ಮ ದವಾಖಾನೆಗೆ ಬಂದ ಹೊಸ ಡಾಕ್ಟರಿಗೆ ಕುರ್ಚಿಗಳು ಇಷ್ಟ. ಹಾಗಾಗಿ ಬೆಂಚನ್ನು ನಾನು ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಬಂದು ನನ್ನ ಜಗುಲಿಯಲ್ಲಿ ಹಾಕಿಕೊಂಡೆ. ಇವತ್ತು ನವರಾತ್ರಿಯ ರಜೆ. ಒಂದು ಸಾಲು ಬರೆಯುವುದು, ಎದ್ದು ಅಂಗಳದ ತುದಿಯವರೆಗೆ ಹೋಗುವುದು, ತಿರುಗಿ ಬಂದು ಕೂರುವುದು. ಹೆಂಡತಿ ಆಗಲೇ, "ನಿಮ್ಮ ಕಾಲಿಗೊಂದು ಮದ್ದು ಹಾಕ್ಬೇಕು" ಎಂದು ಗೊಣಗಿ ಒಳಗೆ ಹೋದಳು. ಹೇಳಬೇಕಾದದ್ದು ಮಾದೇವಿಯ ವಿಷಯ. ನಿನ್ನೆ ಆದದ್ದು. ಆದರೆ ಅಲ್ಲಿಂದಲೇ ಶುರು ಮಾಡಿದರೆ ನೀವು, "ಹಿಂದಿಂದ ಬಾ ಮಾಸ್ತರ" ಎನ್ನುತ್ತಿದ್ದಿರಿ.

ನಾನು ಮೊದಲ ಸಲ ನಿಮ್ಮ ದವಾಖಾನೆಯ ಮೆಟ್ಟಿಲು ಹತ್ತಿದ ಸಂಜೆ ನಿಮಗೆ ನೆನಪಿರಬೇಕು. ಮುಂಬಯಿ ಸರಕಾರದ ಮಾಸ್ತರನಾಗಿ ಮಲಗಿದವನು ಮೈಸೂರು ಸರಕಾರದ ಮಾಸ್ತರನಾಗಿ ಎದ್ದು, ಎರಡೂ ಕಡೆಯ ಸುತ್ತೋಲೆ ಓದಿ ಕಕ್ಕಾಬಿಕ್ಕಿಯಾಗಿದ್ದ ಕಾಲ. ಆದರೆ ನನ್ನ ಬಾಯಿ ಕಟ್ಟಿದ್ದು ಸುತ್ತೋಲೆಯಿಂದಲ್ಲ. ಎಂಟನೆಯ ಇಯತ್ತೆಯಲ್ಲಿ ಪಾಠಕ್ಕೆ ನಿಂತರೆ ಕೈಯಲ್ಲಿ ಸೀಮೆಸುಣ್ಣ ಇರುತ್ತಿತ್ತು, ಎದುರಿಗೆ ಮಕ್ಕಳಿರುತ್ತಿದ್ದರು, ಮಾತು ಮಾತ್ರ ಇರುತ್ತಿರಲಿಲ್ಲ. ಪ್ರಾಸ ಕಟ್ಟದೆ ಊಟಕ್ಕೆ ಉಪ್ಪನ್ನೂ ಕೇಳದವನು ನಾನು. ಅಂಥವನು ಹಲಗೆಯ ಮೇಲೆ 'ಓದಿಕೊಳ್ಳಿ' ಎಂದು ಬರೆದು ಕಿಟಕಿಯ ಹೊರಗೆ ನೋಡುತ್ತ ನಿಲ್ಲುವಂತಾಗಿತ್ತು. ನೀವು ಟಾರ್ಚು ಬಿಟ್ಟು ನನ್ನ ಗಂಟಲು ನೋಡಿದಿರಿ. ಬಹಳ ಹೊತ್ತು ನೋಡಿದಿರಿ.

"ಗಂಟ್ಲಲ್ಲಿ ಎಂತದೂ ಇಲ್ಲ ಮಾಸ್ತರ. ನಾಳೆ ಶಾಲೆ ಬಿಟ್ಟ ಮೇಲೆ ಬಾ. ಪುಡಿ ಪೊಟ್ಟಣ ಕಟ್ಟುಕೆ ನಂಗೆ ಜನ ಬೇಕು."

"ಔಷಧಿ?" ಎಂದೆ.

"ಅದೇ ಔಷಧಿ. ನಿಂಗಲ್ಲ, ಬೇರೆಯವ್ರಿಗೆ."

ಆ ಪೊಟ್ಟಣಗಳನ್ನು ಕಟ್ಟಿದ ಸಂಜೆಗಳು... ಧಾರವಾಡದಲ್ಲಿ ಬಿ.ಎ. ಮಾಡಿ ಬಂದವನಿಗೆ ಕಾಗದದ ಚೌಕದೊಳಗೆ ಬಿಳಿ ಪುಡಿ ಮಡಚುವ ಕೆಲಸ! ಬೆಂಚಿನ ಒಂದು ತುದಿಯಲ್ಲಿ ನೀವು, ಇನ್ನೊಂದು ತುದಿಯಲ್ಲಿ ನಾನು, ನಡುವೆ ತಟ್ಟೆ. ಇಬ್ಬರ ಮುಖವೂ ರಸ್ತೆಯ ಕಡೆಗೆ. ನೀವು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೋಗುವ ಬಸ್ಸನ್ನು ನೋಡಿ, "ಲೇಟು" ಎನ್ನುತ್ತಿದ್ದಿರಿ, ಅಷ್ಟೇ. ಎಷ್ಟೋ ಸಂಜೆಗಳ ಮೇಲೆ ಒಂದು ದಿನ ನಾನು ಬಸ್ಸಿಗೇ ಹೇಳುವವನ ಹಾಗೆ ಹೇಳಿದೆ: ನನ್ನ ಅಬ್ಬೆ ತೀರಿಕೊಂಡಾಗ ನಾನು ಕೊನೆಯ ವರ್ಷದ ಪರೀಕ್ಷೆ ಬರೆಯುತ್ತಿದ್ದೆ. ಹುಡುಗನ ಓದು ಹಾಳಾಗುವುದು ಬೇಡ ಎಂದು ಮನೆಯವರು ಸುದ್ದಿಯನ್ನೇ ಕಳಿಸಲಿಲ್ಲ. ಪಾಸಾಗುವ ಖುಷಿಯಲ್ಲಿ ಅಬ್ಬೆಗೆಂದು ಇಳಕಲ್ಲಿನ ಸೀರೆ ತಂದಿದ್ದೆ. ಅಘನಾಶಿನಿಯಲ್ಲಿ ದೋಣಿ ಇಳಿದು ಮನೆಗೆ ಹೋದರೆ ಹದಿಮೂರನೆಯ ದಿನದ ಊಟವೂ ಆಗಿಹೋಗಿತ್ತು. ಎಲ್ಲರೂ ಒಳ್ಳೆಯದಕ್ಕೇ ಮಾಡಿದ್ದರು. ಯಾರ ಮೇಲೆ ಸಿಟ್ಟು ಮಾಡಲಿ? "ಬಿ.ಎ. ಬಂತು, ಬಾಯಿ ಹೋತು" ಎಂದು ನಾನು ನಗಲು ನೋಡಿದೆ. ನೀವು ನಗಲಿಲ್ಲ. "ಪ್ರಾಸ ಬಂದಲ್ಲೆಲ್ಲ ನೀನು ಅಡಗಿ ಕೂರ್ತೆ ಮಾರಾಯ. ಪ್ರಾಸ ಬಿಟ್ಟು ಇನ್ನೊಂದ್ಸಲ ಹೇಳು" ಎಂದಿರಿ. ಹೇಳಿದೆ. ಸೋಮವಾರ ಶಾಲೆಯಲ್ಲಿ ಪಾಠ ಮಾಡಿದೆ. ಮಕ್ಕಳಿಗೆ ಬೇಜಾರಾಗಿರಬೇಕು, ಅವರಿಗೆ ಓದಿಕೊಳ್ಳುವುದೇ ಸುಖವಾಗಿತ್ತು.

ನೀವು ನನ್ನನ್ನು ಆ ಬೆಂಚಿನಿಂದ ಎಬ್ಬಿಸದೆ ಅಲ್ಲೇ ಕೆಲಸಕ್ಕೆ ಹಚ್ಚಿದ್ದು ಯಾವಾಗ ಎಂದು ಸರಿಯಾಗಿ ನೆನಪಿಲ್ಲ. ನಿಮ್ಮ ಸ್ಟೆತಾಸ್ಕೋಪಿಗೆ ಸಿಗದ ಕಾಯಿಲೆಯವರನ್ನು ನೀವು ಹೊರಗೆ ಕಳಿಸತೊಡಗಿದಿರಿ. ಎದೆ ಉರಿ ಎಂದು ಬಂದು ಎದೆಯಲ್ಲಿ ಏನೂ ಇಲ್ಲದವರು, ತದಡಿಯಲ್ಲಿ ಬಲೆ ಮುಟ್ಟಲು ಕೈ ನಡುಗುವವರು, ಮದುವೆ ಎಂದರೆ ವಾಂತಿ ಮಾಡಿಕೊಳ್ಳುವ ಹುಡುಗ. ಭಟ್ಕಳದ ಆ ಜವಳಿ ವ್ಯಾಪಾರಿ ಸಾಹೇಬರು ನೆನಪಿದ್ದಾರೆಯೇ? ಮಗ ಕೊಲಂಬೊಗೆ ಹೋದವನು ಕಾಗದ ಬರೆಯುವುದನ್ನು ನಿಲ್ಲಿಸಿದ ಮೇಲೆ ಅವರಿಗೆ ನಿದ್ದೆ ಹೋಗಿತ್ತು. ಒಂದು ಗಂಟೆ ಮಾತಾಡಿದರು, ಕನ್ನಡದಲ್ಲಿ ಶುರುವಾದದ್ದು ನವಾಯತಿಗೆ ಜಾರಿ, ಕೊನೆಗೆ ಉರ್ದುವಿನಲ್ಲಿ ಅತ್ತರು. ನನಗೆ ಅರ್ಧವೂ ತಿಳಿಯಲಿಲ್ಲ. ಹೋಗುವಾಗ ನನ್ನ ಕೈ ಹಿಡಿದು, "ಬಹಳ ಒಳ್ಳೆ ಮಾತು ಹೇಳಿದ್ರಿ ಮಾಸ್ತರ್ ಸಾಬ್" ಎಂದರು. ನಾನು ಬಾಯಿಯೇ ಬಿಟ್ಟಿರಲಿಲ್ಲ! ನಿಮಗೆ ಹೇಳಿದರೆ, "ತಿಳೀದಿದ್ದದ್ದು ಒಳ್ಳೇದಾತು. ತಿಳಿದಿದ್ರೆ ನೀ ಮಧ್ಯೆ ಬಾಯಿ ಹಾಕ್ತಿದ್ದೆ" ಎಂದಿರಿ. ನಿಮ್ಮ ಶಾಸ್ತ್ರವೆಲ್ಲ ಅಷ್ಟರಲ್ಲೇ ಇತ್ತು: ಅವರ ಬಾಯಿಗೆ ನಿನ್ನ ಮಾತು ತುರುಕಬೇಡ. ಅವರ ಮಾತು ಅವರಲ್ಲೇ ಹುಟ್ಟಲಿ, ತಡವಾದರೆ ತಡವಾಗಲಿ. ನಾನು ಒಪ್ಪಿದ್ದೆ. ನಿಮ್ಮ ಎದುರಿಗೆ ಒಪ್ಪದೆ ಇರುವುದುಂಟೇ?

ಶಿರಾಲಿಯ ಜಟ್ಟಮ್ಮ ತಮ್ಮ ಸೊಸೆ ಮಾದೇವಿಯ ರಟ್ಟೆ ಹಿಡಿದುಕೊಂಡು ನಿಮ್ಮ ಬಾಗಿಲಿಗೆ ಬಂದ ಮಧ್ಯಾಹ್ನ ನಾನೂ ಅಲ್ಲಿದ್ದೆ. ಹಿಂದೆ ಮಗ ತಿಮ್ಮಪ್ಪ, ಭಟ್ಕಳದ ಕಚೇರಿಯಲ್ಲಿ ಕಾರಕೂನ, ಇಸ್ತ್ರಿ ಮಾಡಿದ ಅಂಗಿ. ಐದು ತಿಂಗಳ ಹೆಣ್ಣುಕೂಸು ಜ್ವರ ಬಂದು ತೀರಿಕೊಂಡಿದೆ, ಅಂದಿನಿಂದ ಇವಳು ತುಟಿ ಬಿಚ್ಚಿಲ್ಲ ಎಂದರು. ಅಷ್ಟೇ ಹೇಳಿದರು. ನೀವು ಅವಳ ನಾಲಗೆ ನೋಡಿದಿರಿ, ನಾಡಿ ನೋಡಿದಿರಿ. ತಿಮ್ಮಪ್ಪ ನಿಮ್ಮನ್ನು ಮೂಲೆಗೆ ಕರೆದು ಮೆಲ್ಲಗೆ, "ಡಾಕ್ಟ್ರೆ, ಹೆಂಡ್ತಿಗೆ ಹುಚ್ಚು ಹೇಳಿ ಬರದುಕೊಟ್ರೆ ಕಾಯ್ದೆ ಪ್ರಕಾರ ಬಿಡುಕಾಗ್ತದಂತೆ ಅಲ್ದಾ?" ಎಂದ. ನೀವು ಊರಿಗೆಲ್ಲ ಕೇಳುವ ಹಾಗೆ, "ಮಾತಾಡದವ್ರೆಲ್ಲ ಹುಚ್ಚರಾದ್ರೆ ನಿನ್ನ ಕಚೇರಿಲಿ ಎಷ್ಟು ಜನ ಉಳೀತಾರೆ ತಿಮ್ಮಪ್ಪ?" ಎಂದಿರಿ. ಮಾದೇವಿಯನ್ನು ಬೆಂಚಿಗೆ ಕಳಿಸಿದಿರಿ. ವಾರಕ್ಕೊಮ್ಮೆ ಜಟ್ಟಮ್ಮ ಅವಳನ್ನು ಕರೆತಂದು ಕೂರಿಸಿ, ತಾವು ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕಾಯುತ್ತಿದ್ದರು. ಮಾದೇವಿ ಕಟ್ಟಿದಷ್ಟು ಚೊಕ್ಕ ಪೊಟ್ಟಣ ನಾನು ಇನ್ನೂ ಕಟ್ಟಲಾರೆ. ಮಾತು ಮಾತ್ರ ಬರಲಿಲ್ಲ. ವರ್ಷ ಕಳೆದರೂ ಬರಲಿಲ್ಲ.

ಕುಮಟೆಯಲ್ಲಿ, ನಿಮ್ಮ ಮಗಳ ಮನೆಯ ಆ ಎತ್ತರದ ಮಂಚದ ಮೇಲೆ ನೀವು ಮಲಗಿದ್ದಾಗ ನಾನು ನೋಡಲು ಬಂದಿದ್ದೆನಲ್ಲ. ನಿಮಗೆ ಮಾತಾಡಿದರೆ ಉಬ್ಬಸ. ಆದರೂ ಮೊದಲು ಕೇಳಿದ್ದು, "ಶಿರಾಲಿ ಹೆಣ್ಣು ಎಂತಾದ್ರೂ ಹೇಳಿತಾ?" ಇಲ್ಲ ಎಂದೆ. "ನಂಗೆ ಅದು ತಿಳೀಲೇ ಇಲ್ಲ ಮಾಸ್ತರ" ಎಂದು ಗೋಡೆಯ ಕಡೆ ತಿರುಗಿದಿರಿ. ಅದೇ ನಾನು ನಿಮ್ಮಿಂದ ಕೇಳಿದ ಕೊನೆಯ ಮಾತು. ಇಷ್ಟು ಜನರನ್ನು ದಡ ಸೇರಿಸಿದವರು ಆ ಒಂದನ್ನು ಎದೆಯ ಮೇಲೆ ಇಟ್ಟುಕೊಂಡು... ಇರಲಿ. ಕಾಗದ ಬರೆಯುವುದೇ ಅದಕ್ಕಾಗಿ.

ಈ ಸಲ ಮಳೆ ಹಿಡಿಯುವ ಮೊದಲು ತಿಮ್ಮಪ್ಪ ನನ್ನ ಜಗುಲಿಗೆ ಬಂದು ನಿಂತೇ ಮಾತಾಡಿದ್ದ. "ಡಾಕ್ಟ್ರು ಇರೂವರೆಗೆ ಸುಮ್ಮನಿದ್ದೆ ಮಾಸ್ತರೆ. ನಟ್ಟಿಗೆ ಆಳು ಬೇಕು, ಅದೊಂದು ಮುಗಿಲಿ. ಆಮೇಲೆ ಘಟ್ಟದ ಮೇಲಿನ ದೊಡ್ಡಾಸ್ಪತ್ರೆಗೆ ಕರ್ಕಂಡು ಹೋಗಿ ಬಿಟ್ಟು ಬತ್ತೆ. ನಂಗೂ ಸಂಸಾರ ಬೇಡ್ವಾ?" ನಾನು ಕೂರಲು ಹೇಳಿದೆ. ಕೂರಲಿಲ್ಲ. ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅವನನ್ನು ಬೈಯುವುದು ಸುಲಭ ಮಾಮ, ನಾನೂ ಮನಸ್ಸಿನಲ್ಲೇ ಪ್ರಾಸಬದ್ಧವಾಗಿ ಬೈದೆ. ಆದರೆ ಮಾತಿಲ್ಲದ ಮನೆಗೆ ದಿನಾ ಸಂಜೆ ಬಸ್ಸಿಳಿದು ಹೋಗುವವನು ಅವನು. ನಮಗೇನು, ವಾರಕ್ಕೊಮ್ಮೆ. ಅವನು ಹೋದ ಮೇಲೆ ಲೆಕ್ಕ ನನಗೆ ಸ್ಪಷ್ಟವಾಯಿತು. ನಟ್ಟಿ, ಗದ್ದೆಗೆ ಸಸಿ ನೆಡುವ ಕೆಲಸ, ಮುಗಿಯುವುದರೊಳಗೆ ಮಾದೇವಿ ಬಾಯಿ ಬಿಡದಿದ್ದರೆ ಅವಳು ಹುಚ್ಚಾಸ್ಪತ್ರೆಗೆಂದು ಘಟ್ಟ ಹತ್ತಿದಳೆಂದೇ. ಹತ್ತಿದವಳು ಇಳಿದು ಬರುತ್ತಾಳೆಯೇ? ಬಂದರೂ ಯಾವ ಮನೆಗೆ?

ಒಂದು ಹಳೆಯ ಪೆಟ್ಟಿನ ಕತೆಯನ್ನು ನಿಮಗೆ ಎಂದೂ ಹೇಳಿರಲಿಲ್ಲ, ಈಗ ಹೇಳಲೇಬೇಕು. ನೀವು ಪೇಟೆಯವರು, ಕೊಂಕಣಿ ಮನೆಯವರು, ಗದ್ದೆಯ ಕಾನೂನು ನಿಮಗೆ ತಿಳಿಯದು. ನಮ್ಮ ಕಡೆ ನಟ್ಟಿಯ ಸಾಲಿನಲ್ಲಿ ಒಬ್ಬಳು ಹಾಡಿನ ಸಾಲು ಎಸೆದರೆ ಪಕ್ಕದವಳು ಅದಕ್ಕೆ ಹೊಂದುವ ಸಾಲು ಕಟ್ಟಿ ಮುಗಿಸಬೇಕು. ಅತ್ತೆಯ ಕಾಟ, ಗಂಡನ ಕುಡಿತ, ತವರಿನ ನೆನಪು, ಯಾವುದನ್ನು ಬೇಕಾದರೂ ಹಾಕಬಹುದು. ಬೈಗುಳ ಬಿದ್ದವಳು ಅದೇ ಸಾಲಿನಲ್ಲಿ ಸಸಿ ಊರುತ್ತಿದ್ದರೂ ಸರಿ. ಆದರೆ ಗದ್ದೆಯಲ್ಲಿ ಹಾಡಿದ್ದನ್ನು ಮನೆಯಲ್ಲಿ ಯಾರೂ ಎತ್ತುವಂತಿಲ್ಲ, ಕೇಳುವಂತಿಲ್ಲ, ಅದಕ್ಕಾಗಿ ಮುನಿಯುವಂತಿಲ್ಲ. ನಾನು ಚಿಕ್ಕವನಿದ್ದಾಗ ಒಂದು ಸಂಜೆ ಊಟದ ಎಲೆಯ ಮುಂದೆ ಕೂತು, ಚಿಕ್ಕಮ್ಮ ಗದ್ದೆಯಲ್ಲಿ ಅಜ್ಜಿಯನ್ನು 'ತುಪ್ಪದ ಗಡಿಗೆ ಬಚ್ಚಿಡೋ ಬೆಕ್ಕು' ಎಂದು ಹಾಡಿದ್ದನ್ನು ರಾಗವಾಗಿ ಒಪ್ಪಿಸಿದೆ. ಬೆನ್ನಿಗೆ ಪೆಟ್ಟು ಬಿತ್ತು. ಹೊಡೆದದ್ದು ಚಿಕ್ಕಮ್ಮನಲ್ಲ, ಅಜ್ಜಿ. "ಗದ್ದೆ ಮಾತು ಮನೆಗೆ ತಂದ್ಯಾ?" ಎಂದು. ನಮ್ಮ ಅಬ್ಬೆ ಆ ಸಾಲಿನ ದೊಡ್ಡ ಹಾಡುಗಾರ್ತಿ. ನನ್ನ ಪ್ರಾಸದ ಚಟವೆಲ್ಲ ಅವಳದ್ದೇ. ಮಾದೇವಿಯ ತವರು ತದಡಿಯ ಕಡೆ, ನಮ್ಮ ಹೊಳೆಯ ಆಚೆ ದಡ. ಹಾಗಾದರೆ ಅವಳಿಗೂ ಇದು ಗೊತ್ತಿರಬೇಕಲ್ಲ? ಇಷ್ಟು ದಿನ ನನಗೆ ಹೊಳೆಯದಿದ್ದದ್ದು ಹೇಗೆ? ಬೆಂಚಿನ ಮೇಲೆ ಕೂತು ಕೂತು ಗದ್ದೆ ಮರೆತುಹೋಗಿತ್ತು.

ನಟ್ಟಿಯ ಆ ಭಾನುವಾರ ಬೆಳಿಗ್ಗೆ ಹೊನ್ನಾವರದ ಹೊಳೆ ಏರಿ, ದಾಟಿಸುವ ತಾರಿ ನಿಂತಿತ್ತು. ದೋಣಿಯವರು ಕಂಬಳಿ ಹೊದ್ದು ಬೀಡಿ ಸೇದುತ್ತ, ಇವತ್ತು ಆಚೆ ದಡವೇ ಇಲ್ಲ ಎನ್ನುವ ಹಾಗೆ ಕೂತಿದ್ದರು. ಮಳೆ ಸ್ವಲ್ಪ ಇಳಿದ ಮೇಲೆ ಹೊರಟ ಮೊದಲ ದೋಣಿಗೆ ಹತ್ತಿ, ಬಸ್ಸು ಹಿಡಿದು ಶಿರಾಲಿಗೆ ಹೋದೆ. ಹೆದ್ದಾರಿಯಿಂದ ಕಾಣುವ ಗದ್ದೆ. ಹೆಂಗಸರ ಸಾಲು, ನಡುವೆ ಜಟ್ಟಮ್ಮ, ಅವರ ಪಕ್ಕದಲ್ಲೇ ಮಾದೇವಿ. ನಾನು ಪಂಚೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ. ಇಳಿದದ್ದೇ ತಡ, ಒಬ್ಬಳು, "ಮಾಸ್ತರೆ, ಅದು ಸಸಿ, ಸೀಸದಕಡ್ಡಿ ಅಲ್ಲ, ಬೇರು ಕೆಳಗೆ ಬರ್ಬೇಕು" ಎಂದಳು. ಇನ್ನೊಬ್ಬಳು, "ಬಿಡೇ, ತಲೆಕೆಳಗಾದ್ರೂ ಪಾಸ್ ಮಾಡ್ತ್ರು" ಎಂದಳು. ನಗು ಸಾಲಿನ ಕೊನೆಯವರೆಗೆ ಹೋಗಿ ಬಂತು. ಮಾದೇವಿಯ ಕೈ ಮಾತ್ರ ಒಂದೇ ಸಮನೆ ಊರುತ್ತಿತ್ತು. ಹಾಡು ಹೋಗಿ ಬರುತ್ತಿತ್ತು, ಅವಳ ಸರದಿ ಬಂದಾಗ ಎಲ್ಲರೂ ಅವಳನ್ನು ದಾಟಿ ಮುಂದಿನವಳಿಗೆ ಎಸೆಯುತ್ತಿದ್ದರು. ಅಭ್ಯಾಸವಾಗಿಹೋಗಿತ್ತು, ಇಲ್ಲದವಳನ್ನು ದಾಟಿದ ಹಾಗೆ. ಅದನ್ನು ನೋಡಿ ನನಗೆ ಏನಾಯಿತೋ. ನಿಮ್ಮ ಶಾಸ್ತ್ರ ಮುರಿದೆ ಮಾಮ. ಅವಳನ್ನೇ ನೋಡಿ ಒಂದು ಸಾಲು ಎಸೆದೆ. ಬೆಳಿಗ್ಗೆ ತಾರಿಯಲ್ಲಿ ಕಾದು ಕಾದು ತಲೆಯಲ್ಲಿ ಕೂತದ್ದು, ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ:

ಹೊಳೆ ತುಂಬಿ ಬಂದಾವೆ, ತಾರೀಯು ನಿಂತಾವೆ,
ಆಚೇಯ ದಡಕೆ ಹೋಗೋರು ಯಾರೆ?

ಯಾರೋ ಒಬ್ಬಳು ಮುಂದಿನ ಸಾಲಿಗೆ ಬಾಯಿ ತೆಗೆದಳು. ಅಷ್ಟರಲ್ಲಿ ಬಗ್ಗಿದ ತಲೆ ಎತ್ತದೆಯೇ, ಎರಡು ವರ್ಷ ಮೀರಿ ತುಕ್ಕು ಹಿಡಿದ ಗಂಟಲಿನಿಂದ ಮಾದೇವಿ ಹಾಡಿದಳು:

ಹೋಗೂಕೆ ಹೊರಟಿದ್ದೆ ಕೂಸನ್ನ ಕಟ್ಕಂಡು,
ಅಮಾಸೆ ಅಂದೋರು ನಮ್ಮತ್ತೆಯೋರೆ.
ಬೆಳಗಾಗ ಹೊಳೆಮ್ಯಾಲೆ ಬಿಸಿಲೇನೊ ಬಿದ್ದೀತು,
ಮಡಿಲಾನ ಕೂಸೀನ ಮೈಯೆಲ್ಲ ನೀರೆ.

ಸಾಲು ನಿಂತಿತು. ಮಳೆ ಮತ್ತೆ ಹಿಡಿದಿತ್ತು. ಎಲ್ಲರೂ ಜಟ್ಟಮ್ಮನ ಕಡೆ ನೋಡದೆ ನೋಡುತ್ತಿದ್ದರು. ಜಟ್ಟಮ್ಮ ಕೈಯಲ್ಲಿದ್ದ ಸಸಿಯನ್ನು ಊರಿದರು, ಸೊಂಟ ನೆಟ್ಟಗೆ ಮಾಡಿ ನಿಂತರು. "ಎಂತ ನಿಂತ್ರಿ? ಸಸಿ ಒಣಗ್ತದೆ" ಎಂದರು. ಆ ಮಳೆಯಲ್ಲಿ! ಸಾಲು ಮುಂದಕ್ಕೆ ಸರಿಯಿತು.

ಗದ್ದೆಯಂಚಿನಲ್ಲಿ ಕಾಲು ತೊಳೆಯುವಾಗ ಅಲ್ಲಿನ ಹೆಂಗಸೊಬ್ಬಳು ಉಳಿದದ್ದನ್ನು ನನಗೆ ಪಿಸುಗುಟ್ಟಿ ತಿಳಿಸಿದಳು. ಈಗ ನಿಮಗೆ ತಿಳಿಸಬೇಕಾದದ್ದೂ ಇದೇ, ಹೇಗೆ ಬರೆ... ಭಟ್ಕಳದ ಡಾಕ್ಟರು ಅಂದೇ ಹೇಳಿದ್ದರಂತೆ, ಕೂಸನ್ನು ಹೊನ್ನಾವರಕ್ಕೆ ಒಯ್ಯಿರಿ, ಅಲ್ಲಿ ಮಕ್ಕಳ ಕಾಯಿಲೆಗೆ ಕೈಗುಣ ಚೆನ್ನಾಗಿರುವ ಹಿರಿಯ ಡಾಕ್ಟರಿದ್ದಾರೆ ಎಂದು. ತಿಮ್ಮಪ್ಪ ಕಚೇರಿಯ ಕೆಲಸದ ಮೇಲೆ ಕಾರವಾರದಲ್ಲಿದ್ದ. ಮಾದೇವಿ ಕೂಸನ್ನು ಕಟ್ಟಿಕೊಂಡು ಅಂಗಳಕ್ಕೆ ಇಳಿದಿದ್ದಳು. ಅಮಾವಾಸ್ಯೆಯ ದಿನ ಹಸಿಕೂಸು ಹೊಳೆ ದಾಟುವುದು ಬೇಡ, ಬೆಳಗಾಗಲಿ ಎಂದು ಜಟ್ಟಮ್ಮ ತಡೆದರು. ಬೆಳಗಾಯಿತು. ಆ ಕೂಸು ನಿಮ್ಮ ಹತ್ತಿರ ಬರಬೇಕಾಗಿತ್ತು, ಮಾಮ. ಅದರ ತಾಯಿಯನ್ನು ಒಂದು ವರ್ಷ ನಿಮ್ಮ ಬಾಗಿಲಲ್ಲೇ ಕೂರಿಸಿಕೊಂಡಿದ್ದೆವು, ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಬಂದಿದ್ದರೆ ನೀವು ಉಳಿಸುತ್ತಿದ್ದಿರೇ? ಈ ಪ್ರಶ್ನೆಯನ್ನು ನಾನು ಅಂಗಳದಲ್ಲಿ ತಿರುಗುತ್ತ ನೂರು ಸಲ ಕೇಳಿಕೊಂಡಿದ್ದೇನೆ. ಉತ್ತರ ನಿಮ್ಮ ಹತ್ತಿರವೂ ಇಲ್ಲ ಎಂದು ಗೊತ್ತು. ಬಾಗಿಲ ಎದುರಿನ ರಸ್ತೆ ನೋಡುತ್ತ ಅವಳು ಆ ಪೊಟ್ಟಣಗಳನ್ನು ಹೇಗೆ ಕಟ್ಟಿದಳು?

ಮಧ್ಯಾಹ್ನ ಗಂಜಿಗೆಂದು ಎಲ್ಲರೂ ಜಟ್ಟಮ್ಮನ ಅಂಗಳಕ್ಕೆ ಬರುವಷ್ಟರಲ್ಲಿ ಸುದ್ದಿ ತಿಮ್ಮಪ್ಪನಿಗೆ ಮುಟ್ಟಿತ್ತು. ಅವನು ಜಗುಲಿಯಿಂದ ಹಾರಿ ಬಂದ. "ಬಾಯಿ ಬಂದದ್ದು ಇದಕ್ಕಾ? ನನ್ನ ಅಬ್ಬೆ ಮೇಲೆ ಹಾಕುಕಾ? ಹೇಳೆ ಈಗ, ಎಲ್ಲರೆದ್ರಿಗೆ ಹೇಳೆ!" ಮಾದೇವಿ ಕಂಬದ ಮರೆಗೆ ಸರಿದಳು. ತುಟಿ ಮತ್ತೆ ಮುಚ್ಚಿತ್ತು. ನಾನು ಏನೋ ಹೇಳಲು ಮುಂದಾದೆ. ಅಷ್ಟರಲ್ಲಿ ಜಟ್ಟಮ್ಮ ನಡುವೆ ಬಂದು ನಿಂತರು, ಮೊಣಕಾಲವರೆಗೂ ಕೆಸರು.

"ಅದು ಗದ್ದೆಲಿ ಹಾಡಿದ್ದು. ಅಂಗಳಕ್ಕೆ ತರುಕೆ ನೀ ಯಾರು?"

"ಅಬ್ಬೆ, ನಿನ್ನ ಹೆಸ್ರು ಹೇಳಿ ಹಾಡಿದ್ದು!"

"ನನ್ನ ಹೆಸ್ರು ನಂಗೆ ಬಿಡು. ನಂಗೆ ಬೇಜಾರಿಲ್ಲ, ನಿಂಗೆಂತಕ್ಕೆ? ಮಾತು ಬರೂದಿಲ್ಲ ಹೇಳಿ ಘಟ್ಟ ಹತ್ತಿಸೂಕೆ ಹೊರಟಿದ್ಯಲ್ಲ, ಬಂತಲ್ಲ ಈಗ."

ತಿಮ್ಮಪ್ಪ ಮೆಟ್ಟಿಲ ಮೇಲೆ ಕುಸಿದು ಕೂತ. "ಅಮಾಸೆ ವಿಷ್ಯ ನಂಗ್ಯಾರೂ ಹೇಳಲೇ ಇಲ್ಲ" ಎಂದ, ಯಾರಿಗೂ ಅಲ್ಲ. ಆಮೇಲೆ ಅವನೊಳಗಿನ ಕಾರಕೂನ ತಲೆ ಎತ್ತಿದ. "ಹಾಡಿದ್ದು ಮಾತಾಡಿದ ಲೆಕ್ಕಕ್ಕೆ ಬರೂದಿಲ್ಲ. ಗಿಳಿನೂ ಹಾಡ್ತದೆ. ದೀಪಾವಳಿವರೆಗೆ ನೋಡ್ತೆ. ಮನುಷ್ಯರ ಹಾಗೆ ಮಾತಾಡ್ಲಿ."

ಆಮೇಲಿನ ತಿಂಗಳುಗಳು ನನಗೆ ಹೇಗೆ ಹೋದವು ಎಂದು ಕೇಳಬೇಡಿ. ನಟ್ಟಿ ಮುಗಿಯಿತು, ಹಾಡೂ ಮುಗಿಯಿತು, ಮಾದೇವಿ ಮತ್ತೆ ಮೊದಲಿನ ಹಾಗೆ. ವಾರಕ್ಕೊಮ್ಮೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು. ಜಟ್ಟಮ್ಮ ಎದುರಿನ ತೆಂಗಿನ ಬುಡದಲ್ಲಿ ಕಾಯುತ್ತಿದ್ದರು. ನನ್ನ ನಾಲಗೆಯ ತುದಿಯಲ್ಲಿ ಒಂದೇ ಪ್ರಶ್ನೆ: ಆ ದಿನ ಹಾಡಿದೆಯಲ್ಲ... ಕೇಳಿದರೆ ಗದ್ದೆಯ ಮಾತನ್ನು ಹೊರಗೆ ತಂದವನಾಗುತ್ತೇನೆ. ಅವಳಿಗಿದ್ದ ಒಂದೇ ಬೇಲಿ ಅದು, ಅದನ್ನೂ ನಾನೇ ಮುರಿದಂತೆ. ಕೇಳದಿದ್ದರೆ ದೀಪಾವಳಿ ಬರುತ್ತದೆ. ನಮ್ಮ ಅಬ್ಬೆಯ ಕಾನೂನು ಬಾಗಿಲು ತೆಗೆಯಿತು, ಸರಿ. ಅದೇ ಕಾನೂನು ಆ ಬಾಗಿಲನ್ನು ಹೊರಗಿನಿಂದ ಚಿಲಕ ಹಾಕಿಯೂ ಬಿಟ್ಟಿತಲ್ಲ! ಹೇಳಿದ್ದಾಯಿತು, ಕೇಳಿಸಿಕೊಂಡದ್ದಾಯಿತು, ಉತ್ತರ ಯಾರೂ ಕೊಡುವ ಹಾಗಿಲ್ಲ. ಅದು ಗುಣವಾಗುವುದೇ, ಹೂತುಹಾಕುವುದೇ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬಸ್ಸು ನೋಡಿ "ಲೇಟು" ಎನ್ನುತ್ತಿದ್ದಿರಿ, ಗೊತ್ತು. ನನಗೆ ನಿಮ್ಮಷ್ಟು ತಾಳ್ಮೆ ಇಲ್ಲ. ಪಾಠದ ನಡುವೆ ಮಾತು ತಪ್ಪತೊಡಗಿತು. ಒಂದು ದಿನ ಹಲಗೆಯ ಮೇಲೆ 'ಓದಿ' ಎಂದಷ್ಟು ಬರೆದು ಹೆದರಿ ಅಳಿಸಿದೆ.

ನಿನ್ನೆ ಅವರು ಬರುವ ದಿನವಲ್ಲ. ಊಟ ಮುಗಿಸಿ ಎಲೆ ಎತ್ತುವ ಹೊತ್ತಿಗೆ ಅಂಗಳದಲ್ಲಿ ಇಬ್ಬರೂ ನಿಂತಿದ್ದರು. ಜಟ್ಟಮ್ಮ ಮಾದೇವಿಯನ್ನು ಬೆಂಚಿನ ಮೇಲೆ ಕೂರಿಸಿದರು. ಯಾವಾಗಿನ ಹಾಗೆ ತೆಂಗಿನ ಬುಡಕ್ಕೆ ಹೋಗಲಿಲ್ಲ. ತಾವೂ ಪಕ್ಕದಲ್ಲಿ ಕೂತರು. ನಾನು ಒಳಗೆ ಹೋಗಲು ತಿರುಗಿದೆ.

"ನೀವು ಇಲ್ಲೇ ಇರಿ ಮಾಸ್ತರೆ. ಒಂದು ಮಾತು ಕೇಳ್ತೆ. ಇದು ಗದ್ದೆ ಅಲ್ಲ, ಅಲ್ದಾ?"

"ಅಲ್ಲ" ಎಂದೆ.

"ನಮ್ಮನೆನೂ ಅಲ್ಲ."

"ಅದೂ ಅಲ್ಲ."

"ಹಾಗಾದ್ರೆ ಆತು." ಅವರು ಸೆರಗನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. "ಗದ್ದೆಲಿ ಹೇಳಿದ್ದಕ್ಕೆ ಗದ್ದೆಲೇ ಉತ್ರ ಕೊಡ್ಬೇಕಿತ್ತು. ನಂಗೆ ಹಾಡು ಬರೂದಿಲ್ಲ ಮಾಸ್ತರೆ. ನಟ್ಟಿಲಿ ಎಲ್ಲರೊಟ್ಟಿಗೆ ಬಾಯಿ ಅಲ್ಲಾಡಿಸೂದು, ಅಷ್ಟೆ. ಮದುವೆಯಾಗಿ ಬಂದಾಗಿಂದ ಹಾಗೇ. ಯಾರಿಗೂ ಗೊತ್ತಿಲ್ಲ. ನೀವು ಮತ್ತೆ ಊರಿಗೆಲ್ಲ ಹೇಳ್ಬೇಡಿ."

ಹೇಳುವುದಿಲ್ಲ ಎಂದೆ. ನಗುವ ಸಂದರ್ಭವಲ್ಲ, ಆದರೂ ನಗು ಬಂತು. ಅವರಿಗೂ ಬಂತು, ಒಂದು ಗಳಿಗೆ. ಆಮೇಲೆ ಅವರು ನನ್ನನ್ನು ಬಿಟ್ಟು ರಸ್ತೆಯ ಕಡೆ ನೋಡುತ್ತ, ಪಕ್ಕದಲ್ಲಿದ್ದವಳಿಗೆ ಹೇಳತೊಡಗಿದರು.

"ನೀ ಹಾಡಿದ್ದೆಲ್ಲ ನಿಜ ಮಗಾ. ನಾನೇ ತಡದದ್ದು. ಗೊತ್ತಿಲ್ದೆ ತಡದದ್ದಲ್ಲ, ಹೆದರಿ ತಡದದ್ದು. ತಿಮ್ಮಪ್ಪ ಹುಟ್ಟುಕಿಂತ ಮೊದ್ಲು ನಂಗೊಂದು ಹೆಣ್ಣುಕೂಸು ಇತ್ತು. ತವರಿಗೆ ಹೋಗೂ ಆಸೆಗೆ ಅಮಾಸೆ ಹೇಳಿದ್ರೂ ಕೇಳ್ದೆ ಹೊಳೆ ದಾಟಿಸ್ದೆ. ನಡುನೀರಲ್ಲಿ ಗಾಳಿ ಬಂತು, ಎಲ್ಲ ನೆಂದ್ವು. ನಾಕು ದಿನಕ್ಕೆ ಕೂಸು ಹೋತು. ನನ್ನತ್ತೆ ಸಾಯೂವರೆಗೆ ಹೇಳ್ತಿದ್ರು, ನೀನೇ ತಿಂದದ್ದು ಹೇಳಿ. ನಿನ್ನ ಕೂಸನ್ನಾದ್ರೂ ಉಳಿಸ್ವ ಹೇಳಿ ತಡದೆ. ಉಳಿಸೂಕೆ ಹೋಗಿ..."

ನಾನು ಬಾಯಿ ಹಾಕಲಿಲ್ಲ ಮಾಮ. ಒಂದು ಬಸ್ಸು ಹೋಯಿತು. ಬಿಸಿಲು ಜಗುಲಿಯ ಅಂಚಿಗೆ ಬಂದು ಅವರಿಬ್ಬರ ಕಾಲಿನ ಮೇಲೆ ಬಿತ್ತು. ಜಟ್ಟಮ್ಮ ಎದ್ದು ಹೋಗುವವರ ಹಾಗೆ ಬೆಂಚಿಗೆ ಕೈ ಊರಿದರು. ಆಗ ಮಾದೇವಿ ಅವರ ಸೆರಗು ಹಿಡಿದಳು. ರಾಗವಿಲ್ಲ, ಏನಿಲ್ಲ, ಬಾವಿಕಟ್ಟೆಯ ಹತ್ತಿರ ಕೊಡ ಎಲ್ಲಿ ಎಂದು ಕೇಳುವಷ್ಟು ಸಾದಾ ದನಿ.

"ಅದಕ್ಕೆ ಹೆಸ್ರು ಇಟ್ಟಿದ್ರಾ ಅತ್ತೆ?"

ಜಟ್ಟಮ್ಮ ಅವಳ ಮುಖ ನೋಡಿದರು. ಮೂವತ್ತು ವರ್ಷದಲ್ಲಿ ಅವರನ್ನು ಯಾರೂ ಇದನ್ನು ಕೇಳಿರಲಿಕ್ಕಿಲ್ಲ. "ಇಟ್ಟಿದ್ದೆ" ಎಂದರು. ಹೆಸರು ಹೇಳಿದರು. ಅಷ್ಟು ಮೆಲ್ಲಗೆ ಹೇಳಿದರು, ಅದು ನನ್ನ ತನಕ ಬರಲಿಲ್ಲ, ಬರಬೇಕಾದದ್ದೂ ಅಲ್ಲ. ಆಮೇಲೆ ಇಬ್ಬರೂ ಮಾತಾಡಿದರು. ಜ್ವರ ಬಂದಾಗ ಹೇಗಿತ್ತು, ಯಾವ ಕೈ ಬಾಯಿಗೆ ಹಾಕುತ್ತಿತ್ತು, ಕೂದಲು ಯಾರ ಹಾಗಿತ್ತು. ಎರಡು ಕೂಸುಗಳ ಮಾತು ಒಂದರೊಳಗೊಂದು ಸೇರಿ ಯಾವುದು ಯಾರದ್ದೆಂದು ನನಗೆ ತಿಳಿಯದೆ ಹೋಯಿತು. ಇಬ್ಬರೂ ಅತ್ತರು. ನನ್ನ ಹೆಂಡತಿ ಒಳಗಿನಿಂದ ನೀರು, ಬೆಲ್ಲ ತಂದಿಟ್ಟು, ಕಣ್ಣೊರೆಸಿಕೊಂಡು ಹೋದಳು.

ದೋಣಿಯ ಹೊತ್ತಾಯಿತೆಂದು ಏಳುವಾಗ ಜಟ್ಟಮ್ಮ, "ಮಗಂಗೆ ನಾನೇ ಹೇಳ್ತೆ. ಘಟ್ಟ ಹತ್ತೂಕೆ ನಮ್ಮನೇಲಿ ಯಾರೂ ಇಲ್ಲ ಹೇಳಿ. ಬೇಕಾದ್ರೆ ಅವ್ನೇ ಹತ್ಲಿ" ಎಂದರು. ಮಾದೇವಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು. ನನ್ನ ಎದುರಿಗೆ ನಿಂತು, "ಮಾಸ್ತರೆ, ಡಾಕ್ಟ್ರ ಹತ್ರ ನಾ ಒಂದ್ಸಲನೂ ಹೇಳಲಿಲ್ಲ. ಅವ್ರಿಗೆ ಹೇಳ್ಬೇಕಿತ್ತು" ಎಂದಳು. ಏನನ್ನು ಎಂದು ನಾನು ಕೇಳುವ ಮೊದಲೇ ಹೇಳಿದಳು. ನಿಮಗೆ ಮುಟ್ಟಿಸುತ್ತೇನೆ ಎಂದು ಮಾತು ಕೊಟ್ಟೆ. ನಿನ್ನೆಯಿಂದ ಕೂತಲ್ಲಿ ಕೂರಲಾಗದೆ ತಿರುಗುತ್ತಿರುವುದು ಅದಕ್ಕೇ. ನಿಮ್ಮ ಹತ್ತಿರ ಬರಲು ಅಂಗಳಕ್ಕೆ ಇಳಿದಿದ್ದ ಆ ಕೂಸಿನ ಹೆಸರು ಗೌರಿ, ಮಾಮ.

ನಿಮ್ಮ
ಮಾಸ್ತರ